ಕೋಳಿಯ ಪಾಲಾದ ಅತ್ತೆಯ ಮಾತ್ರೆ

ಕೆಲಸ ಮುಗಿಸಿ ಕಾಲೆಳೆದುಕೊಂಡು ಲಗ್ಗೆರೆಯ ನಮ್ಮ ಮನೆಯ ತಾರಸಿ ಹತ್ತಿದರೆ, ಅತ್ತೆ ತಮ್ಮ ವಿಟಮಿನ್ ಮಾತ್ರೆಯನ್ನು ಪುಡಿ ಮಾಡಿ ಕೋಳಿಯ ಅನ್ನಕ್ಕೆ ಕಲಸುತ್ತಿದ್ದರು. ಮೂಳೆ ಸವೆದಿದೆ, ಒಂದು ದಿನವೂ ತಪ್ಪಿಸಬೇಡಿ ಎಂದು ಡಾಕ್ಟರು ಬರೆದುಕೊಟ್ಟಿದ್ದ ಮಾತ್ರೆ ಅದು. ರೇಗುವುದಕ್ಕೂ ನನ್ನಲ್ಲಿ ತ್ರಾಣವಿರಲಿಲ್ಲ.

“ಮುಟ್ಟಿದ್ರೆ ಮೊಟ್ಟೆ ಸಿಪ್ಪೆ ಒಡೀತಿತ್ತು ಕಣೇ, ಈಗ ಗಟ್ಟಿ ಆಗಿದೆ. ದಿನಾ ಮೊಟ್ಟೆ ತಿನ್ನು ಅಂತ ಡಾಕ್ಟ್ರು ನಿಂಗೆ ತಾನೇ ಹೇಳಿರೋದು” ಎಂದರು, ನನ್ನ ಏಳು ತಿಂಗಳ ಹೊಟ್ಟೆಯನ್ನೇ ನೋಡುತ್ತಾ.

ಮರುದಿನ ಪಶು ಆಸ್ಪತ್ರೆಯಲ್ಲಿ ಕೇಳಿ, ಮೊಟ್ಟೆ ಕೋಳಿಗೆಂದೇ ಇರುವ ವಿಟಮಿನ್ ತಂದೆ. ಈಗ ದಿನಾ ಸಂಜೆ ಅತ್ತೆ ಮಾತ್ರೆ ನುಂಗುವವರೆಗೂ ಎದುರಿಗೇ ಕೂರುತ್ತೇನೆ. ಮಾತ್ರೆಯ ಶೀಟಿನ ಸದ್ದಿಗೆ ಕೋಳಿಯೂ ಓಡಿಬಂದು ಅವರ ಬಾಯನ್ನೇ ನೋಡುತ್ತಾ ನಿಲ್ಲುತ್ತದೆ.