ಅಟ್ಟಕ್ಕೆ ಹಾಕಿದ ಷೇರು

ನನ್ನ ಭಾವನ ಜೊತೆ ನಾನು ಇವತ್ತಿಗೂ ಮುಖ ಕೊಟ್ಟು ಮಾತಾಡುವುದಿಲ್ಲ. ಚನ್ನರಾಯಪಟ್ಟಣದಲ್ಲಿ ಕೊಬ್ಬರಿ ವ್ಯಾಪಾರ ಮಾಡುವ, ನನ್ನ ಅಕ್ಕನನ್ನು ಕಟ್ಟಿಕೊಂಡ, ತನಗೆ ಗೊತ್ತಿಲ್ಲದ ವಿಷಯವೇ ಇಲ್ಲವೆಂದು ನಂಬಿದ ಮನುಷ್ಯ ಆತ. ಅವರ ಕಡೆ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿದರೆ ಹತ್ತು ಹನ್ನೊಂದು ತಿಂಗಳು ಮುಟ್ಟುವುದಿಲ್ಲ. ಒಳಗಿನ ನೀರು ಪೂರ್ತಿ ಇಂಗಬೇಕು, ಅಲ್ಲಾಡಿಸಿದರೆ ಕೊಬ್ಬರಿ ಗುಡುಗುಡು ಎನ್ನಬೇಕು. ಆತುರಪಟ್ಟು ಒಡೆದವನು ಕೆಟ್ಟ. ಭಾವನಿಗೆ ಗೊತ್ತಿದ್ದ ಅರ್ಥಶಾಸ್ತ್ರ ಇಷ್ಟೇ.

ಹೊಳೆನರಸೀಪುರದ ಹೈಸ್ಕೂಲಿನಿಂದ ನಾನು ನಿವೃತ್ತನಾದಾಗ ಬಂದ ಹಣ ನನ್ನ ಹೆಂಡತಿಯ ಎರಡು ಮಂಡಿಗಳ ಆಪರೇಷನ್ನಿಗೆಂದು ಮೀಸಲಾಗಿತ್ತು. ಬಚ್ಚಲಿಗೆ ಹೋಗಬೇಕಾದರೂ ಅವಳು ಗೋಡೆ ಹಿಡಿದುಕೊಂಡೇ ಹೋಗುತ್ತಿದ್ದಳು. ಸಕ್ಕರೆ ಕಾಯಿಲೆ ಹತೋಟಿಗೆ ಬರಲಿ, ಆಮೇಲೆ ಮಾಡೋಣ ಎಂದರು ಹಾಸನದ ಡಾಕ್ಟರು. ಆ ಸಂದಿನಲ್ಲಿ ಭಾವ ವಕ್ಕರಿಸಿದ.

"ಬ್ಯಾಂಕಲ್ಲಿ ದುಡ್ಡು ಕೊಳೆಸ್ಕಂಡು ಕುಂತಿದ್ದೀಯಲ್ಲಾ, ಬುದ್ಧಿ ಐತಾ ನಿಂಗೆ? ಎಣ್ಣೆ, ಬ್ಯಾಳೆ, ಗ್ಯಾಸು, ಎಲ್ಲಾದ್ರ ರೇಟೂ ಏರ್ತಾ ಐತೆ. ಕಂಪ್ನಿ ಸೇರೊಂದು ಏರ್ದೆ ಇದ್ದಾತಾ? ತಕ್ಕಂಡು ಅಟ್ಟಕ್ಕೆ ಆಕ್ಬುಡು. ತಿರುಗಿ ನೋಡ್ಬ್ಯಾಡ ಕಣ್ಲಾ."

ಮನೆ ಕಟ್ಟಲು ಸಾಲ ಕೊಡುವ ಒಂದು ಕಂಪನಿಯ ಷೇರನ್ನು ಅವನೂ ಕೊಂಡ, ನನಗೂ ಕೊಡಿಸಿದ. ಕೆಲವೇ ತಿಂಗಳಲ್ಲಿ ಬೆಲೆ ಏರಿಕೆಗೆ ಮೂಗುದಾರ ಹಾಕಲು ಕೇಂದ್ರ ಬ್ಯಾಂಕು ಬಡ್ಡಿ ದರ ಹೆಚ್ಚಿಸಿತು. ಸಾಲ ತುಟ್ಟಿಯಾಯಿತು, ಕೇಳುವವರು ಹಿಂಜರಿದರು, ನಮ್ಮ ಷೇರು ಇಳಿಯಿತು. ಟೀವಿಯಲ್ಲಿ ಕೋಟು ತೊಟ್ಟವರು ನಗುನಗುತ್ತಾ ಇದೆಲ್ಲ ನಿರೀಕ್ಷಿತವೇ ಎಂದರು. ಅವರ ನಗು ಕಂಡು ಮೈಯೆಲ್ಲ ಉರಿಯಿತು. ನಿರೀಕ್ಷೆ ಇದ್ದರೆ ಮೊದಲೇ ಬೊಗಳಬೇಕಿತ್ತು.

ಮಾರಿಬಿಡುತ್ತೇನೆಂದು ಭಾವನಿಗೆ ಫೋನು ಮಾಡಿದೆ. "ನೀರಿರೋ ಕಾಯಿ ಒಡೀತೀಯೇನ್ಲಾ?" ಎಂದು ಬೈದ. ಮಾರಲಿಲ್ಲ. ಬಡ್ಡಿ ಮತ್ತೆ ಏರಿತು, ಷೇರು ಮತ್ತೆ ಕುಸಿಯಿತು.

ಅಷ್ಟರಲ್ಲಿ ಸಕ್ಕರೆ ಹತೋಟಿಗೆ ಬಂದು ಆಪರೇಷನ್ನಿಗೆ ದಿನ ಗೊತ್ತಾಯಿತು. ಸಿಕ್ಕಿದ ಬೆಲೆಗೆ ಮಾರಿದೆ. ಸುದ್ದಿ ತಿಳಿದು ಭಾವ ಮನೆಗೇ ಬಂದು, ಇನ್ನೊಂದು ವರ್ಷ ಕಾಯಬಾರದಿತ್ತೇ ಎಂದ. ಕುಡಿಯುತ್ತಿದ್ದ ಕಾಫಿ ಲೋಟವನ್ನು ಅವನ ಕೈಯಿಂದ ಕಿತ್ತುಕೊಂಡು, ಬಾಗಿಲು ಆ ಕಡೆ ಇದೆ ಎಂದೆ. ಅದಕ್ಕೆ ನನಗೆ ಪಶ್ಚಾತ್ತಾಪವಿಲ್ಲ.

ಅವನು ಹೋದ ಮೇಲೆ ಹೆಂಡತಿ ಕೂತಲ್ಲಿಂದಲೇ ಕೇಳಿದಳು. "ಅವ್ರು ಕೊಬ್ರಿ ಮಾರೋರು, ಅವ್ರಿಗೆ ತಿಳೀನಿಲ್ಲ. ನೀವು ಮಕ್ಕಳಿಗೆ ಇದನ್ನೇ ಅಲ್ವಾ ಪಾಠ ಮಾಡ್ತಿದ್ದದ್ದು?"

ಹೌದು. ನಾನು ಸಮಾಜ ವಿಜ್ಞಾನದ ಮೇಷ್ಟ್ರು. ಬೆಲೆ ಮಿತಿಮೀರಿದರೆ ಕೇಂದ್ರ ಬ್ಯಾಂಕು ಬಡ್ಡಿ ಏರಿಸುತ್ತದೆ, ಆಗ ಸಾಲವೂ ವ್ಯಾಪಾರವೂ ಕುಗ್ಗುತ್ತವೆ ಎಂದು ವರ್ಷ ವರ್ಷವೂ ನೋಟ್ಸು ಬರೆಸಿದ್ದೆ. ಬರೆಯದವರ ಕಿವಿ ಹಿಂಡಿದ್ದೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಅವಳೆದುರು ಭಾವನನ್ನೇ ಇನ್ನಷ್ಟು ಬೈದೆ.

ಉಳಿದ ಹಣ ಒಂದೇ ಮಂಡಿಗೆ ಸಾಲುತ್ತಿತ್ತು. ಹಾಸನದ ಆಸ್ಪತ್ರೆಯಲ್ಲಿ ಡಾಕ್ಟರು ಎಕ್ಸ್‌ರೇ ಹಿಡಿದು, ಎರಡೂ ಒಂದೇ ಥರ ಸವೆದಿವೆಯಮ್ಮ, ಯಾವ ಕಾಲಿಗೆ ಮಾಡೋಣ ಎಂದು ಅವಳನ್ನು ಕೇಳಿದರು.

ಅವಳು ನನ್ನ ಕಡೆ ತಿರುಗಲೂ ಇಲ್ಲ.

"ಇವ್ರನ್ನೇ ಕೇಳಿ ಸಾ. ನನ್ನ ಕಾಲಿನ ಇಚಾರ ಇವ್ರೂ ಇವ್ರ ಭಾವನೂ ಕುಂತು ತೀರ್ಮಾನ ಮಾಡವ್ರೆ."