ಕೆಂಪು ಬಸ್ಸಿನ ಕೇಕು

ನನ್ನ ಬಟ್ಟೆಯನ್ನು ನಾನೇ ಒಗೆದುಕೊಳ್ಳುವುದು ಸೈನ್ಯದಲ್ಲಿ ಕಲಿತ ಅಭ್ಯಾಸ. ಬೆಳಗಿನ ಕಾಫಿಗೆ ಮುಂಚೆ ಆ ಕೆಲಸ ಮುಗಿದಿರಬೇಕು. ಕಳೆದ ವಾರ ಬಿಳಿ ಅಂಗಿಯ ಮೇಲೆ ಸಾರು ಚೆಲ್ಲಿ ಅರಿಶಿನದ ಕಲೆಯಾಗಿತ್ತು. ಸೋಪು ಉಜ್ಜಿದೊಡನೆ ಹಳದಿ ಕಲೆ ಕಡುಗೆಂಪಾಯಿತು. ನೀರು ಹುಯ್ದಂತೆ ಮತ್ತೆ ಹಳದಿಗೆ ತಿರುಗಿತು. ಬಕೆಟ್ಟಿನ ಮುಂದೆ ಕುಳಿತವನು ಹಾಗೇ ಕುಳಿತುಬಿಟ್ಟೆ... ಅತ್ತಿಗೆ ನೆನಪಾದರು.

ಗೆಟ್ಟವಾಡಿಯಲ್ಲಿ ನಮ್ಮ ಮನೆಗೂ ಅಣ್ಣನ ಮನೆಗೂ ನಡುವೆ ಒಂದೇ ಗೋಡೆ. ಅಣ್ಣ ತೀರಿಕೊಂಡ ಮೇಲೆ ಹೊಲವನ್ನೂ ಹಸುವನ್ನೂ ಅತ್ತಿಗೆಯೇ ನೋಡಿಕೊಂಡರು. ಗಟ್ಟಿಗಿತ್ತಿ. ಆದರೆ ಯಾವ ಕೆಲಸಕ್ಕೂ ಹೊತ್ತುಗೊತ್ತು ಇರಲಿಲ್ಲ. ನಾನು ನಿವೃತ್ತನಾಗಿ ಊರಿಗೆ ಬಂದ ಹೊಸದರಲ್ಲಿ ಆ ವಿಷಯಕ್ಕೆ ನಮಗೆ ದಿನವೂ ಮಾತಿಗೆ ಮಾತು ಬೆಳೆಯುತ್ತಿತ್ತು. ಅವರು ನನ್ನನ್ನು ಹೆಸರು ಹಿಡಿದು ಕರೆದದ್ದೇ ಕಡಿಮೆ. ‘ಮಿಲ್ಟ್ರಿ’ ಎನ್ನುತ್ತಿದ್ದರು.

ಅವರ ಮಗ ಘಾಟಿಯ ಕೆಳಗೆ ಸತ್ಯಮಂಗಲದಲ್ಲಿ ಕೆಲಸದಲ್ಲಿದ್ದ. ಸೊಸೆಯ ತವರೂ ಅಲ್ಲೇ. ಮೊಮ್ಮಗನ ಹುಟ್ಟುಹಬ್ಬ ಪ್ರತಿ ವರ್ಷ ಅಲ್ಲಿಯೇ ನಡೆಯುತ್ತಿತ್ತು. ಅತ್ತಿಗೆ ಬೆಳಗಿನ ಬಸ್ಸಿಗೆ ಘಾಟಿ ಇಳಿದು ಹೋಗಿ, ಕುರ್ಚಿಯಲ್ಲಿ ನೆಂಟರಂತೆ ಕುಳಿತು, ಸಂಜೆಗೆ ವಾಪಸಾಗುತ್ತಿದ್ದರು. ಒಂದು ಹುಟ್ಟುಹಬ್ಬವಾದರೂ ತನ್ನ ಮನೆಯಲ್ಲಿ ಆಗಬೇಕು, ತನ್ನ ಕೈಯಿಂದ ಮಗುವಿಗೆ ಆರತಿ ಎತ್ತಬೇಕು ಎಂಬುದು ಅವರ ಆಸೆ. ಆ ವರ್ಷ ಪಕ್ಕದ ಅಂಗಡಿಯ ಫೋನಿಗೆ ಸೊಸೆ ಕರೆ ಮಾಡಿದಳು.

“ಅತ್ತೆ, ಊರಿಗೇ ಬರನ ಅಂದ್ರ ಇವನು ಕೆಂಪು ಬಸ್ಸಿನ್ ಕೇಕೇ ಬೇಕು ಅಂತ ಕುಂತವ್ನ. ಅಲ್ಲೆಲ್ಲಿ ಸಿಕ್ತದ? ಇಲ್ಲೇ ಮಾಡ್ಬುಡನ.”

“ಸಿಕ್ಕದ್ಯಾಕ? ನಾನೇ ಮಾಡ್ತೀನಿ. ನೀವು ಬನ್ನಿ,” ಎಂದುಬಿಟ್ಟರು ಅತ್ತಿಗೆ.

ಚಾಮರಾಜನಗರದ ಕಡೆಯಿಂದ ಬರುವ ಕೆಂಪು ಬಸ್ಸೆಂದರೆ ಆ ಮಗುವಿಗೆ ಪ್ರಾಣ. ಊರಿಗೆ ಬಂದಾಗಲೆಲ್ಲ ಜಗಲಿಯ ಮೇಲೆ ಅದಕ್ಕಾಗಿಯೇ ಕಾದು ಕೂರುತ್ತಿದ್ದ. ಕೇಕು ಮಾಡುವುದು ಅತ್ತಿಗೆಗೆ ಗೊತ್ತಿತ್ತು. ಮಹಿಳಾ ಸಂಘದ ತರಬೇತಿಯಲ್ಲಿ ಕುಕ್ಕರಿಗೆ ಮರಳು ಹಾಕಿ ಬೇಯಿಸುವುದನ್ನು ಕಲಿತಿದ್ದರು. ಬಸ್ಸಿನ ಆಕಾರಕ್ಕೆ ಕತ್ತರಿಸುವುದೂ ಕಷ್ಟವಲ್ಲ. ಕಷ್ಟವಾದದ್ದು ಅದರ ಮೇಲೆ ಬಳಿಯುವ ಕ್ರೀಮಿನ ಬಣ್ಣ.

ನಾನು ಚಾಮರಾಜನಗರಕ್ಕೆ ಹೋಗಿ ಕೆಂಪು ಬಣ್ಣದ ಶೀಶೆ ತಂದೆ. ಅತ್ತಿಗೆ ಮನೆಯ ಬೆಣ್ಣೆಗೆ ಸಕ್ಕರೆ ಪುಡಿ ಹಾಕಿ ನೊರೆ ಬರುವ ತನಕ ತಿರುವಿದರು. ನಾನು ಬಣ್ಣ ಬಿಟ್ಟೆ. ಶೀಶೆಯಲ್ಲಿ ರಕ್ತದ ಹಾಗಿದ್ದದ್ದು ಬೆಣ್ಣೆಗೆ ಬಿದ್ದೊಡನೆ ತೆಳು ಗುಲಾಬಿಯಾಯಿತು.

“ಇದೇನಪ್ಪ ಮಿಲ್ಟ್ರಿ, ಬಸ್ಸು ಕೇಳುದ್ರ ಕೂಸಿನ ಕೆನ್ನೆ ಬಂದದಲ್ಲ!”

“ಇನ್ನೊಸಿ ಉಯ್ತೀನಿ, ತಿರುವಿ ಅತ್ತಿಗಮ್ಮ.”

ಇನ್ನಷ್ಟು ಹುಯ್ದೆ. ಬೆಣ್ಣೆ ಒಡೆಯಿತು. ಒಂದು ಕಡೆ ಗಂಟು, ಒಂದು ಕಡೆ ಕೆಂಪು ನೀರು. ಬಣ್ಣ ಮಾತ್ರ ಅದೇ ಗುಲಾಬಿ. ಬೀಟ್‌ರೂಟ್ ರಸ ಹಾಕಿದಾಗ ಮಣ್ಣಿನ ವಾಸನೆ ಬಂತು, ನೇರಳೆಯೂ ಅಲ್ಲದ ಬೂದಿಯೂ ಅಲ್ಲದ ಏನೋ ಒಂದು ಬಣ್ಣ ಬಂತು. ನನಗೆ ತಲೆ ಕೆಟ್ಟುಹೋಯಿತು. ಸೈನ್ಯದ ಮೆಸ್ಸಿನಲ್ಲಿ ಎಷ್ಟೊಂದು ಕೇಕು ನೋಡಿದ್ದೆ, ಕಡುಗೆಂಪು ಹೂವು, ಕಡುಹಸಿರು ಎಲೆ... ಹೇಗೆ ಮಾಡುತ್ತಾರೆಂದು ಒಮ್ಮೆಯೂ ಕೇಳಿರಲಿಲ್ಲ. ಮನೆಯಲ್ಲಿ ತುಪ್ಪ ಕಾಯಿಸುವುದೇ ನಿಂತುಹೋಯಿತು. ಬೆಣ್ಣೆಯೆಲ್ಲ ಗುಲಾಬಿಯಾಗಿ, ರೊಟ್ಟಿಯ ಮೇಲೆ ಕುಳಿತು, ನಮ್ಮ ಹೊಟ್ಟೆ ಸೇರುತ್ತಿತ್ತು.

ಹುಟ್ಟುಹಬ್ಬದ ಬೆಳಿಗ್ಗೆಯೂ ಬಣ್ಣ ಬಂದಿರಲಿಲ್ಲ. ಶೀಶೆ ಬರಿದಾಗಿತ್ತು. ಮಗ, ಸೊಸೆ, ಮಗು ಬರುವ ಹೊತ್ತು ಹತ್ತಿರವಾಗುತ್ತಿತ್ತು. ಬಣ್ಣ ಹಾಕದ ಬಿಳಿ ಕ್ರೀಮನ್ನು ಹಾಗೇ ಬಿಟ್ಟು, ಅತ್ತಿಗೆ ಆರತಿಗೆ ನೀರು ಕಲಸಲು ಕುಳಿತರು. ತಟ್ಟೆಯ ನೀರಿಗೆ ಅರಿಶಿನ ಹಾಕಿದರು, ಚಿಟಿಕೆ ಸುಣ್ಣ ಹಾಕಿದರು, ಬೆರಳಾಡಿಸಿದರು. ಕೆಂಪು ಕುದಿದೆದ್ದಂತೆ ಎದ್ದಿತು. ಅವರ ಕೈ ನಿಂತಿತು.

“ಇಲ್ಲೇ ಅದಲ್ಲಪ್ಪ ಕೆಂಪು!”

“ಮಗೀಗ ಸುಣ್ಣ ತಿನ್ಸೀರಾ?”

“ಎಲ ಅಡ್ಕ ಜೊತ ದಿನಾ ತಿಂತೀನಿ. ಸತ್ತೋಗಿದ್ದೀನಾ?”

ಒಂದು ಚಮಚ ನೀರಿನಲ್ಲಿ ಅರಿಶಿನ, ಸುಣ್ಣ ಕಲಸಿ ಕ್ರೀಮಿಗೆ ಸೇರಿಸಿದರು. ನಿಜ ಹೇಳಬೇಕು, ಕೆಂಪಾಯಿತು. ಇಟ್ಟಿಗೆಯಷ್ಟು ಕೆಂಪು. ಅತ್ತಿಗೆಯ ಮುಖ ನೋಡಬೇಕಿತ್ತು. ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡರು. ಸುಣ್ಣದ ಖಾರ ಚುರುಕ್ಕೆಂದಿತು. ಅದನ್ನು ಮುರಿಯಲೆಂದು, ನಾನು ಏನು ಎಂದು ಕೇಳುವಷ್ಟರಲ್ಲಿ, ಅರ್ಧ ನಿಂಬೆಹಣ್ಣು ಹಿಂಡಿ ತಿರುವಿಯೇಬಿಟ್ಟರು. ತಿರುವಿದಷ್ಟೂ ಕೆಂಪು ಓಡಿತು. ನಾವಿಬ್ಬರೂ ನೋಡುತ್ತಿದ್ದಂತೆಯೇ ಬಟ್ಟಲು ತುಂಬ ಹಳದಿ ಉಳಿಯಿತು. ಮತ್ತೆ ಸುಣ್ಣದ ಡಬ್ಬಿಗೆ ಕೈ ಹಾಕಿದವರನ್ನು ನಾನು ತಡೆದೆ. ಅಷ್ಟರಲ್ಲಿ ಹೊರಗೆ ಹಾರನ್ ಕೇಳಿಸಿತು.

ಅತ್ತಿಗೆ ಆರತಿ ಎತ್ತಿದ ಮೇಲೆ ಹಳದಿ ಬಸ್ಸನ್ನೇ ಮಗುವಿನ ಮುಂದೆ ಇಟ್ಟೆವು. ಅವನು ಸುತ್ತ ಒಂದು ಸಲ ನೋಡಿ, “ಇದು ಇಸ್ಕೂಲ್ ಬಸ್ಸು. ನಾ ಇದ್ಕ ಅತ್ತಲ್ಲ,” ಎಂದ.

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ಅತ್ತಿಗೆ ನಕ್ಕರು. ಒಂದು ತುಂಡು ಬಾಯಿಗಿಟ್ಟ ಸೊಸೆ, “ಅತ್ತೆ, ಕೇಕ್ಗೂ ಎಲಡ್ಕೆ ಆಕಿದ್ದರಾ?” ಎಂದು ಕೇಳಿದಳು. ಕೆಟ್ಟ ಹುಡುಗಿಯಲ್ಲ. ಹೊರಡುವಾಗ ಅತ್ತೆಯ ಕೈ ಹಿಡಿದು, “ಮುಂದಿನ್ ವರ್ಸ ಅಲ್ಲೇ ಬೇಕ್ರಿಗ ಏಳ್ಬುಡನ. ನಿಮ್ಗ್ಯಾಕ ಈ ತಾಪತ್ರಯ?” ಎಂದಳು. ಅತ್ತಿಗೆ ಸರಿ ಎಂಬಂತೆ ತಲೆಯಾಡಿಸಿದರು. ಅಲ್ಲಿಂದ ಮುಂದೆ ಯಾವ ಹುಟ್ಟುಹಬ್ಬವೂ ಗೆಟ್ಟವಾಡಿಗೆ ಬರಲಿಲ್ಲ.

ಅತ್ತಿಗೆ ಮಾತ್ರ ಬಿಡಲಿಲ್ಲ. ಬೆಣ್ಣೆ ಬಿಟ್ಟು ವನಸ್ಪತಿ ಹಿಡಿದರು, ಶೀಶೆ ಬಿಟ್ಟು ಪುಡಿ ಬಣ್ಣ ಹಿಡಿದರು. “ಇನ್ಯಾಕ ಅತ್ತಿಗಮ್ಮ?” ಎಂದರೆ, “ಸುಮ್ಕಿರಪ್ಪ, ನಿಂಗೊತ್ತಾಗಕಿಲ್ಲ,” ಎನ್ನುತ್ತಿದ್ದರು. ಎರಡು ಮೂರು ವರ್ಷ ಹೀಗೇ ಹೋಯಿತು. ಒಂದು ದಿನ ಪುಡಿಯನ್ನು ಬಿಸಿನೀರಿನ ಹನಿಯಲ್ಲಿ ಕರಗಿಸಿ ಕಲಸುತ್ತಿದ್ದಾಗ ಜೋಳದ ಹೊಲಕ್ಕೆ ಆನೆ ಇಳಿದಿದೆ ಎಂದು ಯಾರೋ ಕೂಗಿದರು. ಬಟ್ಟಲಿನ ಮೇಲೆ ತಟ್ಟೆ ಮುಚ್ಚಿ ಓಡಿದವರು ಅದನ್ನು ಮರೆತೇಬಿಟ್ಟರು. ಮಾರನೆಯ ಬೆಳಿಗ್ಗೆ ಗೋಡೆಯಾಚೆಯಿಂದ ಕೂಗು ಕೇಳಿಸಿತು.

“ಮಿಲ್ಟ್ರಿ, ಬಾರಪ್ಪ ಬಿರ್ನ!”

ತಟ್ಟೆ ತೆಗೆದು ತೋರಿಸಿದರು. ಹಿಂದಿನ ದಿನ ಗುಲಾಬಿಯಾಗಿದ್ದದ್ದು ರಾತ್ರಿಯೆಲ್ಲ ಇಟ್ಟಲ್ಲೇ ಬಣ್ಣ ಕುಡಿದು ಗಾಢವಾಗಿತ್ತು. ಅದೇ ಬಸ್ಸಿನ ಕೆಂಪು. ಚೂರೂ ಹೆಚ್ಚಿಲ್ಲ, ಕಡಿಮೆಯಿಲ್ಲ. ನನಗೆ ಸಂತೋಷಕ್ಕಿಂತ ಮೊದಲು ಬಂದದ್ದು ಸಿಟ್ಟು. ಇಷ್ಟೇನಾ? ಮುಚ್ಚಿಟ್ಟು ಸುಮ್ಮನಿರುವುದು, ಇಷ್ಟೇನಾ? ಶೀಶೆಯ ಮೇಲೆ ಬರೆದಿರಲಿಲ್ಲ, ತರಬೇತಿಯಲ್ಲಿ ಹೇಳಿರಲಿಲ್ಲ, ಅಂಗಡಿಯವನಿಗೆ ಗೊತ್ತಿರಲಿಲ್ಲ.

ಅತ್ತಿಗೆ ಆಗಲೇ ಫೋನಿನ ಅಂಗಡಿಗೆ ಹೊರಟಿದ್ದರು. ಬೇಗನೆ ಹಿಂತಿರುಗಿದರು.

“ಬಸ್ಸೆಲ್ಲ ಚಿಕ್ಮಕ್ಳಿಗಂತ ಕಣಪ್ಪ. ಈ ಸಲದ್ ಉಟ್ಟಬ್ಬಕ್ಕ ಬ್ಯಾಟಿನ್ ಕೇಕ್ ಬೇಕಂತ, ಅದ್ನ ಅವ್ರವ್ವ ಆಗ್ಲೇ ಬೇಕ್ರಿಗ ಏಳ್ಬುಟ್ಟಳಂತ,” ಎಂದರು. ನನ್ನ ರೊಟ್ಟಿಯ ಮೇಲೆ ಆ ಕೆಂಪನ್ನು ದಪ್ಪಗೆ ಬಳಿದರು. “ತಿನ್ನು. ಎಸ್ದುಬುಡಕಾಯ್ತದ?”

ಆಮೇಲೆ ಅವರು ಕೇಕು ಮಾಡಲಿಲ್ಲ. ಹೆಚ್ಚು ವರ್ಷ ಬದುಕಲೂ ಇಲ್ಲ...

ಮೊನ್ನೆ ಭಾನುವಾರ ಆ ಮೊಮ್ಮಗ ಊರಿಗೆ ಬಂದಿದ್ದ. ಈಗ ಮೀಸೆ ಬಿಟ್ಟ ಗಂಡಸು. ಬಸ್ಸಿನ ಕೇಕು ನೆನಪಿದೆಯಾ ಎಂದು ಕೇಳಿದೆ.

“ಅಜ್ಜಿ ಕೇಕ್ ಮಾಡ್ತಿದ್ರಾ, ಚಿಕ್ತಾತ?” ಎಂದ.

ನಡೆದದ್ದನ್ನೆಲ್ಲ ಹೇಳಿದೆ. ಗೌರವದಿಂದ ಕೇಳಿಸಿಕೊಂಡ. ಈಗ ಬೇರೆ ಥರದ ಬಣ್ಣ ಬರುತ್ತದೆ, ಒಂದು ತೊಟ್ಟು ಸಾಕು ಎಂದು ಮೊಬೈಲು ತೆಗೆದು ಕೆಂಪು ಕೇಕುಗಳ ಚಿತ್ರ ತೋರಿಸುತ್ತ ಹೋದ. “ಇಂಥ ಕೆಂಪಾ? ಇಲ್ಲ, ಇಂಥದ್ದಾ?” ಎಂದು ಒಂದೊಂದಕ್ಕೂ ಕೇಳಿದ. ಯಾವುದೂ ಅಲ್ಲ. ಆ ಕೆಂಪನ್ನು ನೋಡಿದ್ದವರು ನಾನು, ಅತ್ತಿಗೆ ಇಬ್ಬರೇ. ಹೌದು ಎನ್ನಬೇಕಾದವರು ಇಲ್ಲ.