ಕಿವಿಯ ಹಿಂದಿನ ಎಳ್ಳುಕಾಳು

ಸೋಮವಾರ ಬೆಳಿಗ್ಗೆ ಮೊಮ್ಮಗಳು ಪೂರ್ವಿಗೆ ಜಡೆ ಹಾಕುತ್ತಿದ್ದೆ. ಬಲಕಿವಿಯ ಹಿಂದೆ ಒಂದು ಕಪ್ಪು ಚುಕ್ಕೆ. ಎಳ್ಳುಕಾಳಿಗಿಂತ ಸಣ್ಣದು. ಸೆರಗಿನಲ್ಲಿ ಒರೆಸಿದೆ. ಹೋಗಲಿಲ್ಲ. ಕನ್ನಡಕ ಹಾಕಿಕೊಂಡು ನೋಡಿದೆ. ಅದಕ್ಕೆ ಕಾಲುಗಳಿದ್ದವು.

ಉಣುಗು!

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಈ ಅಂಕಣ ನಾನು ಮೊಮ್ಮಕ್ಕಳಿಗೆ ಅಂತಲೇ ಬರೆಯುವುದು, ಹಾಗಾಗಿ ಹೇಳುತ್ತೇನೆ. ಮಕ್ಕಳೇ, ಉಣುಗು ಅಂದರೆ ರಕ್ತ ಹೀರುವ ಹುಳ. ಬೇಸಿಗೆಯಲ್ಲಿ ಕಾಡಿನ ಮಂಗ ಸತ್ತರೆ, ಅದರ ಮೈಮೇಲಿದ್ದ ಉಣುಗು ಒಣಗಿದ ಎಲೆಗಳಿಗೆ ಇಳಿಯುತ್ತದೆ. ಅದು ಮನುಷ್ಯರಿಗೆ ಕಚ್ಚಿದರೆ ಮಂಗನ ಕಾಯಿಲೆ ಬರಬಹುದು. ನಿಮ್ಮ ಅಜ್ಜ ಹೋದದ್ದು ಅದರಲ್ಲೇ. ಬಿಸಿಲಿನ ಜ್ವರ ಅಂದುಕೊಂಡು ಮೂರು ದಿನ ಕಷಾಯ ಕುಡಿಸಿದವಳು ನಾನೇ.

ಈ ಸಲದ್ದು ನನ್ನ ಬರವಣಿಗೆಯಿಂದಲೇ ಆಯಿತು. (ನಗಬೇಡಿ.) ಎರಡು ವಾರದ ಹಿಂದೆ ಇಲ್ಲೇ ಬರೆದಿದ್ದೆನಲ್ಲ, ದಿನಕ್ಕೆ ಹತ್ತು ನಿಮಿಷ ಮರದಡಿ ಸುಮ್ಮನೆ ಕೂತು ನೋಡಿ ಅಂತ? ಆರನೇ ಕ್ಲಾಸಿನ ಪೂರ್ವಿ ಅದನ್ನು ಓದಿದಳು.

"ಬರೀ ಬರೆಯೋದಾ ಅಜ್ಜಿ? ನಂಗೂ ತೋರ್ಸು."

ಭಾನುವಾರ ಇಬ್ಬರೂ ಮನೆ ಹಿಂದಿನ ಸೊಪ್ಪಿನಬೆಟ್ಟಕ್ಕೆ ಹೋದೆವು. ಕೊಟ್ಟಿಗೆಗೆ ಹಾಸಲು ದರಗು, ಅಂದರೆ ಒಣ ಎಲೆ, ತರುವ ಕಾಡು ಅದು. ದರಗು ಗುಡಿಸುವ ದಿನ ನಾವು ಉಣುಗು ಹತ್ತದಿರಲಿ ಅಂತ ಆಶಾ ಕಾರ್ಯಕರ್ತೆ ಗಿರಿಜಾ ಕೊಟ್ಟ ಎಣ್ಣೆಯನ್ನು ಕೈಕಾಲಿಗೆ ತಪ್ಪದೆ ಹಚ್ಚುತ್ತೇವೆ. ಅವತ್ತು ಹಚ್ಚಲಿಲ್ಲ. ಯಾಕೆ? ಕೆಲಸಕ್ಕೆ ಹೋಗಿರಲಿಲ್ಲವಲ್ಲ! ಸುಮ್ಮನೆ ಕೂರಲು ಹೋಗುವವರಿಗೆ ಎಣ್ಣೆ ಎಂಥದ್ದು ಅಂದುಕೊಂಡೆ. ಯಾರು ಕೆಲಸಕ್ಕೆ ಬಂದವರು, ಯಾರು ಕೂರಲು ಬಂದವರು ಅಂತ ಉಣುಗು ಕೇಳುತ್ತದೆಯೇ?

ಹಿಂದಿನ ವಾರ ನಾನೇ ಗುಡಿಸಿಟ್ಟಿದ್ದ ದರಗಿನ ರಾಶಿ ಅಲ್ಲಿತ್ತು.

"ಸೋಫಾ ಇದ್ದಂಗಿದೆ ಅಜ್ಜಿ!" ಅಂತ ಪೂರ್ವಿ ಒರಗಿಯೇ ಬಿಟ್ಟಳು. ಚಗಳಿ ಇರುವೆಗಳು ಎರಡು ಎಲೆಗಳ ಅಂಚು ಕಚ್ಚಿ ಹಿಡಿದು ಗೂಡು ಹೊಲಿಯುತ್ತಿದ್ದವು. ಎಷ್ಟೋ ಹೊತ್ತು ಅದನ್ನೇ ನೋಡಿದೆವು. ಆಮೇಲೆ ಅವಳೇ ಅಂದಳು, "ಎಷ್ಟು ಸೈಲೆಂಟಾಗಿದೆ ಅಲ್ವಾ? ಒಂದು ಮಂಗಾನೂ ಕೂಗ್ತಿಲ್ಲ."

"ಮೌನಾನೂ ಕೇಳಿಸ್ಕೊಳ್ಬೇಕು ಮಗಾ," ಅಂದೆ ನಾನು.

ಎಂಥ ದೊಡ್ಡ ಮಾತು!

ಸೋಮವಾರ ಆ ಚುಕ್ಕೆ ಕಂಡದ್ದೇ, ಅರ್ಧ ಹಾಕಿದ ಜಡೆ ಬಿಟ್ಟು ಒಳಗೆ ಕೂಗಿದೆ. ಸೊಸೆ ಸುಮಾ ಚಿಮಟದಲ್ಲಿ ಮೆಲ್ಲಗೆ ಹಿಡಿದು ಕಿತ್ತಳು. ಸೋಪು ಹಾಕಿ ತೊಳೆದಳು. ಆಮೇಲೆ ಒಂದೇ ಪ್ರಶ್ನೆ.

"ಎಣ್ಣೆ ಹಚ್ಚಿದ್ರಾ ಅತ್ತೆ?"

ನಾನು ಗಿರಿಜಾಳ ನಂಬರು ಹುಡುಕಿದೆ.

ಫೋನಿನಲ್ಲಿ ಎಲ್ಲ ಹೇಳಿದ್ದಕ್ಕೆ ಅವಳು ಮಧ್ಯಾಹ್ನವೇ ಸ್ಕೂಟಿಯಲ್ಲಿ ಬಂದಳು. "ಬಾಟ್ಲಿ ಕೊಟ್ಟಿದ್ದು ದೇವ್ರ ಮುಂದೆ ಇಡಕ್ಕಾ ಲಲಿತಕ್ಕ? ನಿಮ್ ಬೆಟ್ಟದ ಹಳ್ಳದಾಚೆ ಮುಸಿಯ ಸತ್ತು ಬಿದ್ದಿದೆ. ಮೂರ್ನಾಲ್ಕು ದಿನ ಆಗಿರ್ಬೇಕು. ಇವತ್ತು ಗೊತ್ತಾಯ್ತು." ನನ್ನ ಮುಖ ನೋಡಿ ದನಿ ತಗ್ಗಿಸಿದಳು. "ಎಲ್ಲ ಉಣುಗಲ್ಲೂ ಕಾಯ್ಲೆ ಇರಲ್ಲ. ಹತ್ತು ದಿನ ನೋಡ್ಕೊಳಿ. ಜ್ವರ ಬಂದ್ರೆ ಅವತ್ತೇ ಫೋನ್ ಮಾಡಿ. ಕಷಾಯ ಗಿಷಾಯ ಅಂತ ಕೂರ್ಬೇಡಿ."

ಮುಸಿಯ, ಆ ಕಪ್ಪು ಮುಖದ ಉದ್ದ ಬಾಲದ ಮಂಗ. ದಿನಾ ಬೆಳಿಗ್ಗೆ ಅದರ ಕೂಗಿಗೇ ನನಗೆ ಎಚ್ಚರ. ಕೂಗು ನಿಂತದ್ದು ಆರನೇ ಕ್ಲಾಸಿನ ಹುಡುಗಿಗೆ ಗೊತ್ತಾಯಿತು. ಐವತ್ತು ವರ್ಷ ಇದೇ ಬೆಟ್ಟದಲ್ಲಿ ಓಡಾಡಿದ ನಾನು ಅದನ್ನು ಶಾಂತಿ ಅಂದುಕೊಂಡೆ!

ನನ್ನ ಅಮ್ಮ ಬೆಟ್ಟಕ್ಕೆ ಕಾಲಿಡುವ ಮೊದಲು ಅಂಚಿನಲ್ಲಿ ನಿಲ್ಲುತ್ತಿದ್ದಳು. ಯಾವ ಹಕ್ಕಿ ಕೂಗುತ್ತಿದೆ, ಯಾವುದು ಕೂಗುತ್ತಿಲ್ಲ, ಏನು ನಾತ, ಎಲ್ಲಿ ನೊಣ. ಅಷ್ಟಾದ ಮೇಲೆಯೇ ಮುಂದಿನ ಹೆಜ್ಜೆ. ಹೆದರಿ ನೋಡುತ್ತಿದ್ದಳು ಅವಳು. ನಾನು ಅದರಿಂದ ಹೆದರಿಕೆಯನ್ನು ಸೋಸಿ ತೆಗೆದು, ಬರೀ ಚೆಂದವನ್ನು ನಿಮಗೆ ಬಡಿಸಿದೆ. ಓದಿದವರು ಎಷ್ಟು ಜನ ಎಣ್ಣೆ ಹಚ್ಚದೆ ಹೋಗಿ ಕೂತಿದ್ದಾರೋ! ದಯವಿಟ್ಟು ಹಚ್ಚಿಕೊಂಡು ಹೋಗಿ. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಆರೋಗ್ಯ ಕೇಂದ್ರಕ್ಕೆ ಹೇಳಿ. (ಜನರೆದುರು ಹೇಳಲು ನನಗೆ ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ.)

ಇವತ್ತಿಗೆ ಆರನೇ ದಿನ. ಥರ್ಮಾಮೀಟರ್ ನನ್ನ ಸೊಂಟದಲ್ಲೇ ಇದೆ. ಊಟಕ್ಕೆ ಕೂತರೆ ಪೂರ್ವಿ ಎಷ್ಟು ತುತ್ತು ತಿಂದಳು ನೋಡುತ್ತೇನೆ. ಕಣ್ಣು ಕೆಂಪಾಗಿದೆಯೇ ನೋಡುತ್ತೇನೆ. ಅವಳಿಗೋ ತಮಾಷೆ.

"ಅಜ್ಜಿ, ನಿನ್ ಹತ್ ನಿಮಿಷ ಇನ್ನೂ ಮುಗ್ದಿಲ್ವಾ?"

ಈಗ ಅಂಗಳದಲ್ಲಿ ಕರುವಿನ ಹಿಂದೆ ಓಡಿ ಓಡಿ ಬಂದು ನನ್ನ ಪಕ್ಕ ಕೂತಿದ್ದಾಳೆ. ಕೆನ್ನೆ ಕೆಂಪಾಗಿದೆ. ಓಡಿದ್ದಕ್ಕೇ ತಾನೇ?